ಓನರಮ್ಮನ ಮಡಿಲಲ್ಲಿ ಎರಡು ಕಡ್ಡಿ

"ಆಯಿಲ್ ಕುಡಿಯೋ ಲಾರಿ ನೋಡಿದ್ದೀನಿ, ಸೋರೋ ಲಾರಿ ನೋಡಿದ್ದೀನಿ, ಸುಟ್ಟು ಹೊಗೆ ಬಿಡೋ ಲಾರಿನೂ ನೋಡಿದ್ದೀನಿ. ಆಯಿಲ್ ಹೆರೋ ಲಾರಿ ಮಾತ್ರ ಇವತ್ತೇ ನೋಡ್ತಿರೋದು," ಅಂದ ಮೇಸ್ತ್ರಿ, ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದುಕೊಂಡು.

ಕಡ್ಡಿ ಅಂದರೆ ಇಂಜಿನ್ನಿನ ಹೊಟ್ಟೆಯಲ್ಲಿ ಆಯಿಲ್ ಎಷ್ಟಿದೆ ಎಂದು ನೋಡುವ ಗೇಜು. ಉದ್ದನೆಯ ಉಕ್ಕಿನ ಪಟ್ಟಿ, ಮೇಲೆ ಬೆರಳು ತೂರಿಸಲು ಒಂದು ಹಳದಿ ಬಳೆ, ತುದಿಯಲ್ಲಿ ಎರಡು ಗೀರು. ಆಯಿಲ್ ಕೆಳಗಿನ ಗೀರಿನಿಂದ ಇಳಿಯಬಾರದು, ಮೇಲಿನ ಗೀರನ್ನು ದಾಟಬಾರದು. ಈ ಲಾರಿಯ ಆಯಿಲ್ ಮೇಲಿನ ಗೀರನ್ನು ದಾಟಿ, ಅದರ ಮೇಲೆ ಇನ್ನೂ ಎರಡು ಬೆರಳು ಹತ್ತಿ ಕೂತಿತ್ತು.

"ಹೆರಿಗೆ, ಬಾಣಂತನ ಎಲ್ಲಾ ಆಮೇಲೆ ಮಾಡಪ್ಪಾ. ಯಾಕೆ ಹೆಚ್ಚಾಯ್ತು ಅದನ್ನ ಹೇಳು ಮೊದಲು," ಅಂದರು ಓನರಮ್ಮ.

ಅವರು ಗ್ಯಾರೇಜಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಮಡಿಲ ಮೇಲೆ ಹಳೆಯ ದಿನಪತ್ರಿಕೆ ಹಾಸಿಕೊಂಡಿದ್ದರು. ಎರಡು ಲಾರಿಗಳ ಒಡತಿ, ಆದರೆ ಬಟ್ಟೆಯ ಮೇಲೆ ಒಂದು ಹನಿ ಆಯಿಲ್ ಬಿದ್ದರೆ ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಮಂಡಿ ಎರಡೂ ಕೈಕೊಟ್ಟು ವರ್ಷಗಳಾಗಿದ್ದವು. ಇವತ್ತು ಮಗನ ಹೆಗಲಿಗೆ ಭಾರ ಬಿಟ್ಟು, ನರಳುತ್ತಾ, ಲಾರಿಯ ಮುಂದಿನ ಸೀಟಿಗೆ ಹತ್ತಿ ಬಂದಿದ್ದರು. ಬರಬೇಡಿ ಅಮ್ಮಾ ಅಂತ ಮಗ ಹೇಳಿದ್ದ. ಹೇಳಿ ಬೈಸಿಕೊಂಡದ್ದೇ ಬಂತು.

"ಇಳಿಜಾರಲ್ಲಿ ನಿಲ್ಲಿಸಿಕೊಂಡು ನೋಡಿದ್ಯಾ?" ಎಂದು ಮೇಸ್ತ್ರಿ, ಈ ಲಾರಿ ಓಡಿಸುವ ಮಗನನ್ನು ಕೇಳಿದ.

"ಇಲ್ಲ ಮೇಸ್ತ್ರಿ. ನಮ್ಮ ಅಂಗಳ ತಟ್ಟೆ ಥರ ಸಪಾಟು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ನೋಡೋದು. ವಾರದಿಂದ ಹಿಂಗೇ ತೋರಿಸ್ತಿದೆ. ಒಂದು ಹನಿ ಹಾಕಿಲ್ಲ ನಾನು."

"ಹಾಕಿ ಮರೆತಿರ್ತೀಯ. ಹೆಂಡ್ತಿ ಗಾಡಿಗೆ ಹಾಕೋದನ್ನ ನಿನ್ನ ಗಾಡಿಗೆ ಹಾಕಿರ್ತೀಯ. ಅದಕ್ಕೇ ಅವಳದು ಒಣಗಿದೆ, ನಿನ್ನದು ತುಂಬಿದೆ," ಅಂದರು ಓನರಮ್ಮ.

"ಅಮ್ಮಾ, ನಾನು ಮರೆಯೋನು ಆಗಿದ್ರೆ ನಿಮ್ಮ ಬೈಗುಳ ಎಲ್ಲಾ ಮರೆತು ಸುಖವಾಗಿರ್ತಿದ್ದೆ."

ಮೇಸ್ತ್ರಿ ನಕ್ಕ. ಸೀಸೆಯ ತಳದಷ್ಟು ದಪ್ಪ ಕನ್ನಡಕದ ಇವನನ್ನು ಡ್ರೈವರುಗಳೆಲ್ಲ ಸೋಡಾಬುಡ್ಡಿ ಅನ್ನುತ್ತಿದ್ದರು, ಎದುರಿಗೆ ಮಾತ್ರ ಮೇಸ್ತ್ರಿ. ಅವನು ಕಡ್ಡಿಯನ್ನು ಮೂಗಿಗೆ ಹಿಡಿದು ಮೂಸಿದ. ಹುಬ್ಬು ಗಂಟಿಕ್ಕಿದ. ಮತ್ತೆ ಮೂಸಿದ.

"ಡೀಸೆಲ್ ಇಳಿದಿರುತ್ತೆ. ಡೀಸೆಲ್ ಚಿಮ್ಮಿಸೋ ನಾಜಲ್ ಸೋರಿದ್ರೆ ಅದು ಹೋಗಿ ಆಯಿಲ್‌ಗೆ ಸೇರ್ಕೊಳ್ಳುತ್ತೆ. ಬರೆದಿಟ್ಕೊಳ್ಳಿ, ನಾಜಲ್ಲೇ."

"ಮೂಗಿಗೆ ಬಂತಾ ವಾಸನೆ?"

"ಬಂದಿಲ್ಲ. ಬರುತ್ತೆ. ಆ ಪೇಪರ್ ಒಂದು ತುಂಡು ಕೊಡಿ ಅಮ್ಮಾ."

ಓನರಮ್ಮ ಪತ್ರಿಕೆಯ ಅಂಚನ್ನು ಹರಿದುಕೊಟ್ಟರು. ಮೇಸ್ತ್ರಿ ಅದರ ಮೇಲೆ ಒಂದು ಹನಿ ಬಿಟ್ಟು ಬಿಸಿಲಿಗೆ ಇಟ್ಟ. ಡೀಸೆಲ್ ಬೆರೆತಿದ್ದರೆ ಹನಿಯ ಸುತ್ತ ತೆಳ್ಳನೆಯ ಒದ್ದೆ ಉಂಗುರ ಹರಡಬೇಕು. ಮೂವರೂ ಬಗ್ಗಿ, ಮಗು ಯಾವಾಗ ನಗುತ್ತದೋ ಎಂದು ತೊಟ್ಟಿಲು ನೋಡುವವರ ಹಾಗೆ ನೋಡಿದರು. ಹನಿ ಹಾಗೇ ಗುಂಡಗೆ, ಕಪ್ಪಗೆ, ದಪ್ಪಗೆ ಕೂತೇ ಇತ್ತು. ಎಲ್ಲಿಗೂ ಹರಡಲಿಲ್ಲ.

"ಹಂಗಾದ್ರೆ ನೀರು," ಅಂದ ಮೇಸ್ತ್ರಿ, ಸ್ವಲ್ಪವೂ ಅಳುಕದೆ. "ರೇಡಿಯೇಟರ್ ನೀರು ಒಳಗೆ ಇಳಿದಿದೆ. ಬರೆದಿಟ್ಕೊಳ್ಳಿ."

"ಬರೆದಿಟ್ಕೊಂಡಿದ್ದನ್ನ ಮೊದಲು ಅಳಿಸ್ಲಾ?" ಅಂದರು ಓನರಮ್ಮ.

ನೀರು ಸೇರಿದ್ದರೆ ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಮೆತ್ತಿರಬೇಕು. ಮೇಸ್ತ್ರಿ ಮುಚ್ಚಳ ತಿರುವಿ ತೆಗೆದ. ಒಳಗೆ ಶುದ್ಧ ಕಪ್ಪು, ಹೊಳೆಯುವ ಕಪ್ಪು. ರೇಡಿಯೇಟರ್ ನೋಡಿದ, ನೀರು ಕುತ್ತಿಗೆಯವರೆಗೂ ಇತ್ತು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ, ಮತ್ತೆ ಹಾಕಿಕೊಂಡು, ಇಂಜಿನ್ನನ್ನೇ ದುರುಗುಟ್ಟಿಕೊಂಡು ನಿಂತ. ಬಂದ ನೆಂಟ ಯಾಕೆ ಬಂದ ಎಂದು ಹೇಳದೆ ಕೂತಿದ್ದರೆ ಹೇಗಿರುತ್ತದೋ ಹಾಗಿತ್ತು ಅವನ ಮುಖ.

ಇಲ್ಲಿ ಓನರಮ್ಮನ ಮನೆಯ ಒಂದು ಪದ್ಧತಿ ಹೇಳಬೇಕು. ಬಹಳ ಹಿಂದೆ, ಅವರ ಯಜಮಾನರು ಇದ್ದಾಗ, ಸಂಬಳದ ಡ್ರೈವರೊಬ್ಬ ದಿನಾ ಬೆಳಿಗ್ಗೆ "ಆಯಿಲ್ ನೋಡ್ದೆ, ಸರಿ ಇದೆ" ಅನ್ನುತ್ತಿದ್ದ. ನೋಡುತ್ತಲೇ ಇರಲಿಲ್ಲ. ಒಂದು ದಿನ ನಡುರಸ್ತೆಯಲ್ಲಿ, ಆಯಿಲ್ ಒಣಗಿ, ಇಂಜಿನ್ ಕಚ್ಚಿಕೊಂಡು ನಿಂತಿತು. ಆವತ್ತಿನಿಂದ ಓನರಮ್ಮ ಬಾಯಿಯನ್ನು ನಂಬುವುದು ಬಿಟ್ಟರು, ಕಡ್ಡಿಯನ್ನು ಮಾತ್ರ ನಂಬಿದರು. ಮಂಡಿ ಗಟ್ಟಿಯಿದ್ದಷ್ಟು ದಿನ ತಾವೇ ಹೋಗಿ ನೋಡಿದರು. ಮಂಡಿ ಹೋದ ಮೇಲೆ ಕಡ್ಡಿಗಳೇ ಅವರ ಬಳಿಗೆ ಬರತೊಡಗಿದವು.

ವಾರದ ರಜೆಯ ದಿನ ಎರಡೂ ಲಾರಿ ಅಂಗಳದಲ್ಲಿ ನಿಲ್ಲುತ್ತವೆ. ಬಲಕ್ಕೆ ಮಗನದು, ಎಡಕ್ಕೆ ಸೊಸೆಯದು. ನಡುವೆ ಓನರಮ್ಮನ ಕುರ್ಚಿ. ತೊಳೆದು ಮುಗಿದ ಮೇಲೆ ಮಗ, ಸೊಸೆ ತಮ್ಮ ತಮ್ಮ ಲಾರಿಯ ಕಡ್ಡಿ ಎಳೆದು ತರುತ್ತಾರೆ. ಮಡಿಲ ಪತ್ರಿಕೆಯ ಮೇಲೆ, ಬಲಮಂಡಿಗೆ ಒಂದು, ಎಡಮಂಡಿಗೆ ಒಂದು. ಓನರಮ್ಮ ಕನ್ನಡಕ ಏರಿಸಿ, ನಿಧಾನಕ್ಕೆ ನೋಡಿ, ಚೆನ್ನಾಗಿ ಒರೆಸಿ, ಬೈಯುವುದನ್ನು ಬೈದು, ವಾಪಸ್ ಕೊಡುತ್ತಾರೆ. ಅಕ್ಕಪಕ್ಕದವರು ಇದನ್ನು ಕಡ್ಡಿ ಕೋರ್ಟು ಅನ್ನುತ್ತಿದ್ದರು.

ಆ ಕೋರ್ಟಿನಲ್ಲಿ ಹೆಚ್ಚು ಶಿಕ್ಷೆ ಆಗುತ್ತಿದ್ದದ್ದು ಸೊಸೆಗೆ. ಸ್ಟೇರಿಂಗ್ ಹಿಡಿಯಲು ಕಲಿಸಿದವರೂ ಅತ್ತೆಯೇ. ಕಲಿಯುವಾಗ ಅವಳು ಗೇರು ತಪ್ಪಿಸಿ, ಕ್ಲಚ್ಚನ್ನು ಫಕ್ಕನೆ ಬಿಟ್ಟು, ಲಾರಿ ಕುಪ್ಪಳಿಸಿ ಆಫ್ ಆಗುವ ಹಾಗೆ ಮಾಡಿಬಿಡುತ್ತಿದ್ದಳು. ಗೇಟಲ್ಲಿ ಆಫ್, ತಿರುವಿನಲ್ಲಿ ಆಫ್, ಹತ್ತು ಜನ ನೋಡುವಾಗಂತೂ ಖಂಡಿತ ಆಫ್. "ಗಾಡಿ ನಿಲ್ಸೋದ್ರಲ್ಲಿ ನಿನ್ನ ಮೀರಿಸೋರಿಲ್ಲ ಕಣೇ, ಆಫ್ ರಾಣಿ" ಎಂದು ಅತ್ತೆ ಇಟ್ಟ ಹೆಸರು, ಅವಳು ಕಲಿತು ಪಳಗಿ, ಗಂಡನಿಗಿಂತ ದೊಡ್ಡ ಲಾರಿ ಓಡಿಸತೊಡಗಿದ ಮೇಲೂ ಹೋಗಿರಲಿಲ್ಲ. ಆ ದೊಡ್ಡ ಲಾರಿಯನ್ನು ಕೊಡುವಾಗ ಓನರಮ್ಮ ಒಂದೇ ಮಾತು ಹೇಳಿದ್ದರು: ಇಂಜಿನ್‌ಗೆ ಏನಾದರೂ ಆದರೆ ಬೀಗದಕೈ ನನ್ನ ಕೈಗೆ ವಾಪಸ್.

ನಿನ್ನೆಯ ಕೋರ್ಟಿನಲ್ಲಿ ಸೊಸೆಯ ಕಡ್ಡಿ ತುದಿಯಷ್ಟೇ ಒದ್ದೆಯಾಗಿ ಬಂದಿತ್ತು.

"ಇದೇನೇ ಇದು, ಒಂದು ವಾರಕ್ಕೆ ಇಷ್ಟು ಆಯಿಲ್ ಕುಡಿಸಿದ್ದೀಯಾ? ಹೆಂಗೆ ತುಳೀತೀಯ ಅದನ್ನ? ನನ್ನ ಮಗನ ಗಾಡಿ ನೋಡು, ಕೊಟ್ಟಿದ್ದನ್ನ ಉಳಿಸಿ ಮೇಲೆ ಇನ್ನಷ್ಟು ಕೊಡುತ್ತೆ," ಎಂದು ಓನರಮ್ಮ ಅಂಗಳಕ್ಕೆಲ್ಲ ಕೇಳುವಂತೆ ಬೈದಿದ್ದರು. ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಅತ್ತೆಯ ಅಪ್ಪಣೆಯಂತೆ ಒಂದು ದೊಡ್ಡ ಡಬ್ಬಿ ಆಯಿಲ್ ಸುರಿದಳು. ಕಡ್ಡಿ ಇನ್ನೂ ಕಡಿಮೆ ಅಂತಲೇ ತೋರಿಸಿತು. ಇನ್ನೊಂದು ಡಬ್ಬಿ ಸುರಿದ ಮೇಲೆ ಗೀರಿಗೆ ಬಂತು. ಈ ಬೆಳಿಗ್ಗೆ ಅವಳು ಸಿಮೆಂಟ್ ಲೋಡು ಹೊತ್ತು ಗುಡ್ಡದ ಆಚೆಗೆ ಹೊರಟು ಹೋಗಿದ್ದಳು.

"ಇಳಿಸೇಬಿಡೋಣ," ಅಂದ ಮೇಸ್ತ್ರಿ. "ಇರೋ ಆಯಿಲ್ ಎಲ್ಲಾ ಇಳಿಸಿ ಅಳೀತೀನಿ. ಎಷ್ಟು ಹೆಚ್ಚಿದೆ ಅಂತ ಗೊತ್ತಾದ್ರೆ ಎಲ್ಲಿಂದ ಬಂತು ಅಂತ ಹುಡುಕಬಹುದು."

ಲಾರಿಯ ಕೆಳಗೆ ಬೋಗುಣಿ ಇಟ್ಟು, ಚೇಂಬರ್ ಬೋಲ್ಟ್ ಬಿಚ್ಚಿದ. ಚೇಂಬರ್ ಅಂದರೆ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ಕಪ್ಪು ಆಯಿಲ್ ಹೆಬ್ಬೆರಳು ದಪ್ಪಕ್ಕೆ ಸುರಿಯಿತು, ಆಮೇಲೆ ಕಿರುಬೆರಳು ದಪ್ಪಕ್ಕೆ, ಆಮೇಲೆ ದಾರದ ಹಾಗೆ, ಆಮೇಲೆ ತೊಟ್ಟು ತೊಟ್ಟು. ಅದು ಪೂರ್ತಿ ನಿಲ್ಲುವವರೆಗೆ ಮೂವರೂ ಟೀ ಕುಡಿದರು. ಆಮೇಲೆ ಮೇಸ್ತ್ರಿ ಲೀಟರ್ ಜಗ್ಗಿನಲ್ಲಿ ಮೊಗೆದು ಮೊಗೆದು ಡ್ರಮ್ಮಿಗೆ ಸುರಿಯತೊಡಗಿದ. ಓನರಮ್ಮ ಜೋರಾಗಿ ಎಣಿಸಿದರು. ಈ ಇಂಜಿನ್ನಿಗೆ ಹದಿನಾಲ್ಕು ಲೀಟರ್ ಎಂದು ತಗಡಿನ ಪಟ್ಟಿಯ ಮೇಲೆ ಅಚ್ಚೊತ್ತಿತ್ತು.

"ಹದಿಮೂರು," ಅಂದರು ಓನರಮ್ಮ. "ಹದಿನಾಲ್ಕು. ಹೂಂ, ಮುಂದಕ್ಕೆ."

ಮುಂದಕ್ಕೆ ಇರಲಿಲ್ಲ. ಮೇಸ್ತ್ರಿ ಬೋಗುಣಿಯನ್ನು ಓರೆ ಮಾಡಿದ. ತಳದಲ್ಲಿ ಬರೀ ಜಿಡ್ಡು.

"ಮುಗೀತು," ಅಂದ. ಅವನ ದನಿ ಸಣ್ಣಗಾಗಿತ್ತು.

"ಮುಗೀತು ಅಂದ್ರೆ? ಹೆಚ್ಚಿಗೆ ಇದ್ದಿದ್ದೆಲ್ಲಿ?"

"ಹೆಚ್ಚಿಗೆ ಇರ್ಲೇ ಇಲ್ಲ ಅಮ್ಮಾ. ಸರಿಯಾಗಿ ಎಷ್ಟಿರಬೇಕೋ ಅಷ್ಟೇ ಇತ್ತು. ಕಡ್ಡಿ ಸುಳ್ಳು ಹೇಳಿದೆ."

"ಬಾಯಿ ಸುಳ್ಳು ಹೇಳುತ್ತೆ," ಅಂದರು ಓನರಮ್ಮ, ತಟ್ಟನೆ, ಯಾರೋ ಮನೆಯವರನ್ನೇ ಬೈದ ಹಾಗೆ. "ಕಡ್ಡಿ ಯಾಕಪ್ಪಾ ಹೇಳುತ್ತೆ? ಅದಕ್ಕೇನು ಆಸೆ?"

ಮೇಸ್ತ್ರಿ ಕಡ್ಡಿಯನ್ನು ತೆಗೆದುಕೊಂಡು, ಅದು ಕೂರುವ ಕೊಳವೆಯ ಬಾಯಿಗೆ ಅದರ ಹಳದಿ ಬಳೆಯನ್ನು ಸರಿಯಾಗಿ ಹೊಂದಿಸಿ, ಉಳಿದ ಉದ್ದವನ್ನು ಇಂಜಿನ್ನಿನ ಹೊರಮೈಗೆ ಒತ್ತಿ ಹಿಡಿದ. ಬಗ್ಗಿ ನೋಡಿದ. ಕಡ್ಡಿಯ ತುದಿ ಚೇಂಬರಿನ ತಳದ ಹತ್ತಿರ ಹತ್ತಿರ ಹೋಗಿತ್ತು. ಗೀರುಗಳು ಇರಬೇಕಾದ ಜಾಗಕ್ಕಿಂತ ಎರಡು ಬೆರಳು ಕೆಳಗಿದ್ದವು.

"ಉದ್ದ," ಅಂದ. "ಇದು ಈ ಗಾಡಿ ಕಡ್ಡಿನೇ ಅಲ್ಲ."

ಬಟ್ಟೆ ತೆಗೆದು ಹಳದಿ ಬಳೆಯ ಬುಡವನ್ನು ಗಸಗಸ ಉಜ್ಜಿದ. ವರ್ಷಗಳ ಜಿಡ್ಡಿನ ಕೆಳಗಿಂದ ಸಣ್ಣ ಅಂಕಿಗಳು ಎದ್ದುಬಂದವು. ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ಓದಿದ.

"ಇದು ದೊಡ್ಡ ಚೇಂಬರ್ ಗಾಡಿದು. ಕೊಳವೆ ಒಂದೇ ಸೈಜು, ಬಳೆ ಒಂದೇ ಥರ, ಅದಕ್ಕೇ ಇದರಲ್ಲೂ ಆರಾಮಾಗಿ ಕೂತಿದೆ. ಎಲ್ಲಿಂದ ತಂದ್ರಿ ಇದನ್ನ?"

"ಎಲ್ಲಿಂದಲೂ ತಂದಿಲ್ಲ ಮೇಸ್ತ್ರಿ," ಅಂದ ಮಗ. "ನಮ್ಮನೇಲಿ ಇರೋ ದೊಡ್ಡ ಚೇಂಬರ್ ಗಾಡಿ ಅಂದ್ರೆ ನನ್ನ ಹೆಂಡ್ತಿದು..."

ಮಾತು ಅಲ್ಲಿಗೇ ನಿಂತಿತು.

ಮಗ ಕೈಯಲ್ಲಿದ್ದ ಟೀ ಲೋಟವನ್ನು ಎಲ್ಲಿಡುವುದು ಎಂದು ತಿಳಿಯದವನ ಹಾಗೆ ಹಿಡಿದುಕೊಂಡೇ ನಿಂತ. ಮೇಸ್ತ್ರಿ ಒಮ್ಮೆ ಅವನನ್ನು ನೋಡಿದ, ಒಮ್ಮೆ ಓನರಮ್ಮನನ್ನು ನೋಡಿದ.

"ಹಂಗಾದ್ರೆ ಈ ಗಾಡಿ ಕಡ್ಡಿ," ಅಂದ, "ಗಿಡ್ಡ ಕಡ್ಡಿ, ಈಗ ಆ ಗಾಡೀಲಿದೆ. ಗಿಡ್ಡ ಕಡ್ಡಿ ಆಯಿಲ್ಲನ್ನ ಮುಟ್ಟೋದೇ ಇಲ್ಲ. ಆಯಿಲ್ ಸರಿಯಾಗಿದ್ರೂ ಕಮ್ಮಿ ಇದೆ ಅಂತ..."

"ಎರಡು ಡಬ್ಬಿ," ಅಂದರು ಓನರಮ್ಮ. "ನಾನೇ ಹಾಕಿಸ್ದೆ. ಕೂತ್ಕೊಂಡು, ಬೈಕೊಂಡು, ಎರಡು ಡಬ್ಬಿ ಹಾಕಿಸ್ದೆ."

"ಕಡ್ಡಿ ಹೆಂಗೆ ಅದಲು ಬದಲಾಯ್ತು? ಹಾಕೋದು ನಾನು. ನಿಮ್ಮ ಬಲಗಡೆದು ಬಲಗಡೆ ಗಾಡಿಗೆ, ಎಡಗಡೆದು ಎಡಗಡೆ ಗಾಡಿಗೆ. ಯಾವಾಗ್ಲೂ ಹಂಗೇ ತಾನೇ..." ಅಂದ ಮಗ.

"ಕುರ್ಚಿ," ಅಂದರು ಓನರಮ್ಮ.

"ಏನು?"

"ಹೋದ ವಾರ ಬಿಸಿಲು ಕಣ್ಣಿಗೆ ಹೊಡೀತಿತ್ತು. ಗೀರು ಕಾಣಿಸ್ಲಿಲ್ಲ. ಎರಡೂ ಕಡ್ಡಿ ಮಡಿಲಲ್ಲಿ ಇಟ್ಕೊಂಡೇ ಕುರ್ಚಿ ತಿರುಗಿಸಿ, ಬಿಸಿಲಿಗೆ ಬೆನ್ನು ಹಾಕ್ಕೊಂಡು ಕೂತೆ. ನೀನು ಗಾಡಿ ತೊಳೆದ ಪೈಪ್ ಸುತ್ತಿಟ್ಟು ಬಂದೆ. ಈ ಕಡೆ ಮಂಡಿ ಮೇಲಿದ್ದಿದ್ದನ್ನ ಈ ಕಡೆ ಗಾಡಿಗೆ, ಆ ಕಡೇದನ್ನ ಆ ಕಡೆಗೆ... ನನ್ನ ಬಲಗಡೆ ಅವಳ ಗಾಡಿ ಇತ್ತಲ್ಲೋ ಆವಾಗ. ನಾನು ನೋಡ್ತಾನೇ ಇದ್ದೆ. ನೋಡ್ತಾ ಕೂತು, ಎರಡೂ ಸರಿ ಇದೆ ಅಂದೆ."

ಮಡಿಲ ಪತ್ರಿಕೆ ಜಾರಿ ನೆಲಕ್ಕೆ ಬಿತ್ತು. ಓನರಮ್ಮ ಎತ್ತಿಕೊಳ್ಳಲಿಲ್ಲ.

"ಆಯಿಲ್ ಜಾಸ್ತಿ ಆದ್ರೆ ಏನಾಗುತ್ತೆ ಮೇಸ್ತ್ರಿ? ಕಮ್ಮಿ ಆದ್ರೆ ತಾನೇ ಇಂಜಿನ್ ಹೋಗೋದು?" ಅಂತ ಕೇಳಿದರು. ಇಷ್ಟು ವರ್ಷ ಲಾರಿ ಸಾಕಿದವರು ಮೊದಲ ಸಲ ಗೊತ್ತಿಲ್ಲ ಅಂತ ಕೇಳಿದ್ದು.

ಮೇಸ್ತ್ರಿಗೆ ಹೇಳಲು ಮನಸ್ಸಿರಲಿಲ್ಲ. "ಸಪಾಟು ರೋಡಲ್ಲಿ ಒಂದೊಂದು ಸಲ ಏನೂ ಆಗಲ್ಲ," ಅಂದ.

"ಅವಳು ಗುಡ್ಡ ಹತ್ತೋಕೆ ಹೋಗಿದಾಳೆ. ತುಂಬಿದ ಲೋಡು."

"ಒಳಗೆ ಸುತ್ತೋ ಕ್ರಾಂಕು ಆಯಿಲ್ಲನ್ನ ಬಡಿದು ಬಡಿದು ಸೋಪಿನ ನೊರೆ ಥರ ಮಾಡುತ್ತೆ. ಆ ನೊರೆ ಉಸಿರಾಟದ ಪೈಪಲ್ಲಿ ಮೇಲಕ್ಕೆ ಹತ್ತಿ ಗಾಳಿ ಹೋಗೋ ದಾರಿಗೆ ಸೇರುತ್ತೆ. ಇಂಜಿನ್‌ಗೆ ಡೀಸೆಲ್ ಆದ್ರೇನು, ಆಯಿಲ್ ಆದ್ರೇನು, ಉರಿದ್ರೆ ಸಾಕು. ಒಂದ್ಸಲ ರುಚಿ ಹತ್ತಿದ್ರೆ ತನ್ನ ಆಯಿಲ್ ತಾನೇ ಕುಡ್ಕೊಂಡು ಓಡುತ್ತೆ. ಆಗ ಕಾಲು ತೆಗೆದ್ರೂ ಕೇಳಲ್ಲ, ಕೀ ತಿರುಗಿಸಿದ್ರೂ ನಿಲ್ಲಲ್ಲ. ಕಿರಿಚ್ಕೊಂಡು ಏರ್ತಾ ಏರ್ತಾ ಕೊನೆಗೆ..." ಮೇಸ್ತ್ರಿ ಓನರಮ್ಮನ ಮುಖ ನೋಡಿ ಉಳಿದದ್ದನ್ನು ನುಂಗಿದ. "ಫೋನ್ ಮಾಡಪ್ಪಾ. ನಿಂತ್ಕೊಂಡು ಏನ್ ನೋಡ್ತೀಯ? ಮಾಡು!"

ಮಗ ಆಗಲೇ ಫೋನ್ ಕಿವಿಗಿಟ್ಟಿದ್ದ. ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು. ಇನ್ನೊಂದು ಸಲ. ಮತ್ತೊಂದು ಸಲ.

"ಎತ್ತಲ್ಲ," ಅಂದ. "ಅವಳು ಎತ್ತಲ್ಲ ಅಮ್ಮಾ. ಡಬ್ಬಿಯಲ್ಲಿದೆ ಫೋನು."

ಅದೂ ಓನರಮ್ಮನ ಕಾನೂನೇ. ಲಾರಿ ಹೊರಟರೆ ಫೋನನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಸೀಟಿನ ಹಿಂದೆ ಇಡಬೇಕು. ಓಡಿಸುತ್ತಾ ಮಾತಾಡಿದ್ದು ಗೊತ್ತಾದರೆ ಬೀಗದಕೈ ವಾಪಸ್. ಮಗ ಈ ಕಾನೂನನ್ನು ಆಗಾಗ ಮುರಿಯುತ್ತಿದ್ದ, ಬೈಸಿಕೊಳ್ಳುತ್ತಿದ್ದ, ನಗುತ್ತಿದ್ದ. ಸೊಸೆ ಒಂದು ದಿನವೂ ಮುರಿದವಳಲ್ಲ.

"ಮುರಿಯೇ ತಾಯಿ," ಅಂದರು ಓನರಮ್ಮ, ಯಾರಿಗೂ ಅಲ್ಲ, ಗಾಳಿಗೆ. "ಇವತ್ತೊಂದಿನ ಮುರಿಯೇ."

ಮಗ ಗುಡ್ಡದ ಬುಡದಲ್ಲಿ ಲಾರಿ ತೂಗುವ ವೇಬ್ರಿಡ್ಜಿಗೆ ಫೋನ್ ಮಾಡಿದ. ತೂಕದವನು ಎತ್ತಿದ. ಮಗ ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದ.

"ಅಕ್ಕನಾ? ಹೋದ್ರಲ್ಲಣ್ಣ, ಆಗ್ಲೇ ಹೋದ್ರು. ತೂಕ ಹಾಕಿಸ್ಕೊಂಡು, ಎಂದಿನಂಗೆ ನನ್ನ ಹೊಟ್ಟೆ ನೋಡಿ ನಿನ್ನನ್ನೂ ಒಂದ್ಸಲ ತೂಗಿಸ್ಕೋ ಅಂತ ರೇಗಿಸಿ ಹೋದ್ರು. ಯಾಕಣ್ಣ?"

"ಗಾಡಿ ಹೆಂಗಿತ್ತು?"

"ಚೆನ್ನಾಗಿತ್ತು. ಹೊಗೆ ಒಂಚೂರು ನೀಲಿ ಇತ್ತು. ನಾನು ಹೇಳ್ದೆ. ಅಕ್ಕ ಅಂದ್ರು, ನಮ್ಮತ್ತೆ ಕಿವಿಗೆ ಹಾಕ್ಬೇಡ ಮಾರಾಯ, ಸಾಯಂಕಾಲ ಬಂದು ಮೇಸ್ತ್ರಿಗೆ ತೋರಿಸ್ತೀನಿ ಅಂತ."

ಓನರಮ್ಮ ಕಣ್ಣು ಮುಚ್ಚಿಕೊಂಡರು.

"ನಾನು ಹೋಗ್ತೀನಿ," ಎಂದು ಮಗ ಲಾರಿಯ ಬಾಗಿಲು ತೆಗೆದು ಮೇಲೆ ಹತ್ತಿದ. ಕೀ ತಿರುಗಿಸುವಷ್ಟರಲ್ಲಿ ಮೇಸ್ತ್ರಿ ಓಡಿಹೋಗಿ ಅವನ ಕೈ ಹಿಡಿದ.

"ಆಯಿಲ್ ಎಲ್ಲಿದೆಯೋ ಇದರಲ್ಲಿ? ಎಲ್ಲಾ ಡ್ರಮ್ಮಲ್ಲಿದೆ! ಬೋಲ್ಟೂ ಹಾಕಿಲ್ಲ!"

ಹೀಗೆ ಒಂದು ಇಂಜಿನ್ ಹೊಟ್ಟೆ ಬಿರಿಯುವಷ್ಟು ಆಯಿಲ್ ಹೊತ್ತು ಎಲ್ಲೋ ಗುಡ್ಡ ಹತ್ತುತ್ತಿತ್ತು, ಇನ್ನೊಂದು ಒಂದು ತೊಟ್ಟೂ ಇಲ್ಲದೆ ಇಲ್ಲಿ ನಿಂತಿತ್ತು. ಮೇಸ್ತ್ರಿ ಲಾರಿಯಡಿ ನುಸುಳಿ ಬೋಲ್ಟ್ ಬಿಗಿದ. ಆಲಿಕೆ ಇಟ್ಟು ಆಯಿಲ್ ಸುರಿಯತೊಡಗಿದ. ಅವಸರದಲ್ಲಿ ಅರ್ಧ ಆಯಿಲ್ ಇಂಜಿನ್ನಿನ ನೆತ್ತಿಯ ಮೇಲೆಲ್ಲ ಹರಿಯಿತು. "ಸೋಡಾಬುಡ್ಡಿ, ಕಣ್ಣು ಬಿಟ್ಟು ಸುರಿಯೋ!" ಎಂದು ಮಗ ಎದುರಿಗೇ ಕಿರುಚಿದ. ಮೇಸ್ತ್ರಿಗೆ ಕೋಪವೂ ಬರಲಿಲ್ಲ. ಓನರಮ್ಮ ಮಗನ ಫೋನ್ ತೆಗೆದುಕೊಂಡು ಸೊಸೆಯ ನಂಬರನ್ನು ಒತ್ತುತ್ತಲೇ ಇದ್ದರು. ಸ್ಟೀಲ್ ಡಬ್ಬಿಯೊಳಗೆ ಫೋನು ಹೇಗೆ ಗುಯ್ಯೆನ್ನುತ್ತಿರಬಹುದು ಎಂದು ಅವರಿಗೆ ಗೊತ್ತಿತ್ತು. ಡಬ್ಬಿಯನ್ನು ಆರಿಸಿ ತಂದವರೂ ಅವರೇ. ಒಳಗಿನ ಸದ್ದು ಹೊರಗೆ ಕೇಳಬಾರದು, ಕೇಳಿದರೆ ಕೈ ಫೋನಿನತ್ತ ಹೋಗುತ್ತದೆ ಎಂದು ದಪ್ಪ ತಳದ್ದನ್ನೇ ತಂದಿದ್ದರು.

ಒಂದು ಸಲ ಅವರು ಫೋನನ್ನು ಕಿವಿಯಿಂದ ತೆಗೆದಾಗ ಅದು ತಾನಾಗಿಯೇ ಬಡಿದುಕೊಳ್ಳತೊಡಗಿತು. ಬೆಚ್ಚಿಬಿದ್ದು ಕೈಯಿಂದ ಜಾರಿಸಿಬಿಟ್ಟರು. ಮಗ ಹಾರಿ ಬಂದು ನೆಲದಿಂದ ಎತ್ತಿಕೊಂಡ.

"ರೀ," ಅಂದಿತು ಫೋನು. ಆಮೇಲೆ ಬರೀ ಏದುಸಿರು.

"ಎಲ್ಲಿದ್ದೀಯ? ಏನಾಯ್ತು? ಮಾತಾಡು!"

"ರೀ, ಗಾಡಿ... ಗಾಡಿಗೆ ಹುಚ್ಚು ಹಿಡೀತು ರೀ."

ಮೇಸ್ತ್ರಿ ಜಗ್ಗನ್ನು ಕೆಳಗಿಟ್ಟ.

"ಎರಡನೇ ತಿರುವಲ್ಲಿ ತಾನಾಗೇ ರೇಸ್ ಆಗೋಕೆ ಶುರುವಾಯ್ತು. ಕಾಲು ತೆಗೆದೆ, ಇನ್ನೂ ಜಾಸ್ತಿ ಆಯ್ತು. ಎಕ್ಸಲೇಟರ್ ಸಿಕ್ಕಾಕ್ಕೊಂಡಿದೆ ಅಂತ ಬಗ್ಗಿ ಕೈಯಲ್ಲಿ ಎಳೆದೆ. ಅದು ಮೇಲೇ ಇದೆ ರೀ! ಕ್ಲಚ್ ಒತ್ತಿದ್ರೆ ಹೆಂಗೆ ಕಿರಿಚ್ತು ಅಂತೀರಿ, ಮನುಷ್ಯರು ಕಿರಿಚಿದಂಗೆ. ಬ್ರೇಕ್ ತುಳಿದು ನಿಲ್ಲಿಸ್ದೆ. ಕೀ ತಿರುಗಿಸ್ದೆ. ಕೀ ಕಿತ್ತು ಕೈಯಲ್ಲಿ ಹಿಡ್ಕೊಂಡಿದ್ದೀನಿ, ಇಂಜಿನ್ ನಿಲ್ತಾನೇ ಇಲ್ಲ! ಹಿಂದೆ ನೋಡಿದ್ರೆ ರೋಡೇ ಕಾಣ್ತಿಲ್ಲ, ಬರೀ ಹೊಗೆ."

"ಆಮೇಲೆ?" ಅಂದ ಮೇಸ್ತ್ರಿ, ಫೋನಿನ ಮೇಲೆ ಬಾಗಿ. "ಆಮೇಲೆ ಹೆಂಗೆ ನಿಲ್ತು?"

"ಯಾರು, ಮೇಸ್ತ್ರಿನಾ? ಹಾರ್ಕೊಳ್ಳೋಣ ಅನ್ನಿಸ್ತು ಮೇಸ್ತ್ರಿ. ಹಾರಿದ್ರೆ ಗಾಡಿ ಹಿಂದಕ್ಕೆ ಹೋಗುತ್ತೆ, ಹಿಂದೆ ಯಾರಿದ್ದಾರೋ ಕಾಣ್ತಿಲ್ಲ. ತಲೆ ಕೆಲಸ ಮಾಡ್ಲಿಲ್ಲ. ಆಗ..." ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಆಗ ಅತ್ತೆ ಬೈತಿದ್ದಿದ್ದು ಕಿವೀಲಿ ಕೇಳಿಸ್ತು. ಟಾಪ್ ಗೇರ್ ಹಾಕಿ ಕ್ಲಚ್ ಬಿಡ್ತೀಯಲ್ಲೇ, ಗಾಡಿ ಸಾಯದೆ ಇನ್ನೇನಾಗುತ್ತೆ ಅಂತ. ಹ್ಯಾಂಡ್ ಬ್ರೇಕ್ ಎಳೆದೆ, ಬ್ರೇಕ್ ಮೇಲೆ ನಿಂತೇಬಿಟ್ಟೆ, ಟಾಪ್ ಗೇರ್‌ಗೆ ಹಾಕಿ ಕ್ಲಚ್ ಫಕ್ಕಂತ ಬಿಟ್ಟೆ. ಒಂದ್ಸಲ ಕುಪ್ಪಳಿಸಿ ಒದ್ದಾಡಿ ಸತ್ತುಹೋಯ್ತು. ಈಗ ಚಕ್ರಕ್ಕೆ ಕಲ್ಲು ಕೊಟ್ಟು ಕೂತಿದ್ದೀನಿ."

ಮಗ ಲಾರಿಯ ಚಕ್ರಕ್ಕೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತ. ಮೇಸ್ತ್ರಿ ಕನ್ನಡಕ ತೆಗೆದು ಒರೆಸಿದ. ಜಿಡ್ಡಿನ ಬಟ್ಟೆಯಲ್ಲಿ ಒರೆಸಿದ್ದು ಆಮೇಲೆ ಗೊತ್ತಾಯಿತು.

ಓನರಮ್ಮ ಕೈ ಚಾಚಿ ಫೋನ್ ಇಸಿದುಕೊಂಡರು. ಬಾಯಿಯ ಹತ್ತಿರ ಹಿಡಿದು ಒಮ್ಮೆ ಕೆಮ್ಮಿದರು.

"ಯಾರು? ಅತ್ತೆನಾ?" ಅಂದಳು ಸೊಸೆ. ದನಿ ಒಮ್ಮೆಗೇ ಕುಗ್ಗಿತು. "ಅತ್ತೆ, ಇಂಜಿನ್ ಹೋಗಿದೆಯೋ ಏನೋ ಗೊತ್ತಿಲ್ಲ. ಬೀಗದಕೈ ತಂದು ಕೊಡ್ತೀನಿ. ಒಂದು ಮಾತು ಹೇಳ್ಬೇಕು, ಬೈಬೇಡಿ. ನೀವು ನೋಡೋಕೆ ಮೊದಲೇ, ವಾರದ ನಡುವೆ ಕಡ್ಡಿ ಒಣಗಿ ಬಂತು. ನಿಮಗೆ ಹೇಳಿದ್ರೆ ಗಾಡಿ ಕಿತ್ಕೋತೀರಿ ಅಂತ ನಾನೇ ಒಂದು ಡಬ್ಬಿ ಹಾಕಿದ್ದೆ. ಹೇಳ್ಲಿಲ್ಲ."

ಮೂರು ಡಬ್ಬಿ. ಮೇಸ್ತ್ರಿ ಬಾಯಿಯ ಮೇಲೆ ಕೈ ಇಟ್ಟುಕೊಂಡ.

"ಕೂತಿದ್ದೀಯಾ, ನಿಂತಿದ್ದೀಯಾ?" ಓನರಮ್ಮ ಕೇಳಿದರು.

"ಕೂತಿದ್ದೀನಿ. ಕಲ್ಲಿನ ಮೇಲೆ."

"ಗಾಡಿಯಿಂದ ಎಷ್ಟು ದೂರ?"

"ಹತ್ರಾನೇ."

"ದೂರ ಹೋಗಿ ಕೂತ್ಕೋ. ನೆರಳಿದೆಯಾ? ನೀರಿದೆಯಾ?"

"ಇದೆ ಅತ್ತೆ."

"ಕುಡಿ. ಕೇಳು ಇಲ್ಲಿ. ನಿನ್ನ ಗಾಡಿ ಆಯಿಲ್ ಕುಡಿದಿಲ್ಲ. ಒಂದು ತೊಟ್ಟೂ ಕುಡಿದಿಲ್ಲ. ಹೋದ ವಾರ ನಾನು ಕುರ್ಚಿ ತಿರುಗಿಸಿ ಕೂತೆ. ನಿನ್ನ ಕಡ್ಡಿ ಅವನ ಗಾಡಿಗೆ ಹೋಯ್ತು, ಅವನದು ನಿನ್ನ ಗಾಡಿಗೆ ಬಂತು. ಸರಿಯಾಗಿರೋ ಗಾಡಿಗೆ ಆಯಿಲ್ ಹಾಕ್ಸಿ, ನಿನ್ನ ಬೈದು, ಗುಡ್ಡಕ್ಕೆ ಕಳಿಸಿದ್ದು ನಾನು."

ಆ ಕಡೆ ಯಾವುದೋ ವಾಹನ ಹಾರ್ನ್ ಹೊಡೆದು ಪಕ್ಕದಿಂದ ಹಾದುಹೋಯಿತು.

"ಕುರ್ಚಿನಾ?" ಅಂದಳು ಸೊಸೆ ಕೊನೆಗೆ.

"ಕುರ್ಚಿ."

"ನಾನು ವಾರ ಎಲ್ಲಾ ಎಷ್ಟು ನಿಧಾನ ಓಡಿಸ್ದೆ ಗೊತ್ತಾ ಅತ್ತೆ? ಕೋಳಿ ಮರಿ ಮೇಲೆ ಕಾಲಿಟ್ಟಂಗೆ ತುಳೀತಿದ್ದೆ. ಆದ್ರೂ ಕಡ್ಡಿ ಒಣಗ್ತಿದೆ. ನಂಗೇ ಓಡಿಸೋಕೆ ಬರಲ್ಲ ಅನ್ಕೊಂಡೆ."

ಓನರಮ್ಮ ಕುರ್ಚಿಯ ಅಂಚಿಗೆ ಸರಿದು ಕೂತರು.

"ಬೀಗದಕೈ ಎಲ್ಲಿದೆ?"

"ಕೈಯಲ್ಲೇ ಇದೆ. ಆವಾಗಿನಿಂದ ಬಿಟ್ಟೇ ಇಲ್ಲ."

"ನಿನ್ನ ಹತ್ರಾನೇ ಇರ್ಲಿ. ನಾನು ಬರ್ತಿದ್ದೀನಿ."

"ನೀವಾ? ಮಂಡಿ ನೋವಿಟ್ಕೊಂಡು ಈ ಗುಡ್ಡಕ್ಕೆ ಯಾಕೆ ಅತ್ತೆ? ಅವರು ಬಂದ್ರೆ ಸಾಕು."

"ಅವನನ್ನ ನಂಬ್ಕೊಂಡು ಕಡ್ಡಿ ಕಳಿಸ್ತೀನಾ? ನಿನ್ನದು ನಿನ್ನ ಕೈಗೆ ನಾನೇ ಕೊಡ್ಬೇಕು. ಫೋನ್ ಡಬ್ಬಿಗೆ ಹಾಕ್ಬೇಡ. ಕೈಯಲ್ಲೇ ಇಟ್ಕೋ."

ಮೇಸ್ತ್ರಿ ಉಳಿದ ಆಯಿಲ್ ಸುರಿದು, ಚೆಲ್ಲಿದಷ್ಟನ್ನು ಹೊಸ ಡಬ್ಬಿಯಿಂದ ಅಳೆದು ತುಂಬಿ, ಕಡ್ಡಿಯ ಕೊಳವೆಯ ಬಾಯಿಗೆ ಬಟ್ಟೆ ತುರುಕಿದ. ಆಯಿಲ್ ಇಳಿಸಲು ಬೋಗುಣಿ, ಸ್ಪ್ಯಾನರ್ ಹಿಡಿದು ತಾನೂ ಹಿಂದೆ ಹತ್ತಿದ. ಮಗ ಎಬ್ಬಿಸಲು ಕೈ ಕೊಡುವ ಮೊದಲೇ ಓನರಮ್ಮ ಕುರ್ಚಿಯ ತೋಳು ಹಿಡಿದು ತಾವೇ ಎದ್ದಿದ್ದರು. ಮೆಟ್ಟಿಲಿಗೆ ಕಾಲಿಟ್ಟು, ಹಲ್ಲು ಕಚ್ಚಿ, ಒಂದೊಂದೇ ಮಂಡಿ ಮೇಲೆಳೆದುಕೊಂಡು ಸೀಟಿಗೆ ಬಂದು ಕೂತು, ಉದ್ದ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡರು. ಪತ್ರಿಕೆ ಗ್ಯಾರೇಜಿನ ನೆಲದಲ್ಲೇ ಬಿದ್ದಿತ್ತು.

ಲಾರಿ ಗೇಟು ದಾಟುವಾಗ ಒಮ್ಮೆ ಕುಲುಕಿತು. ಕಡ್ಡಿಯ ತುದಿಯಿಂದ ಒಂದು ಕಪ್ಪು ಹನಿ ಜಾರಿ ಅವರ ಬಿಳಿ ಬಟ್ಟೆಯ ಮೇಲೆ ಬಿದ್ದು, ನಿಧಾನಕ್ಕೆ ಹರಡತೊಡಗಿತು. ಮಗ ನೋಡಿದ. ಓನರಮ್ಮ ರಸ್ತೆ ನೋಡುತ್ತಿದ್ದರು.